ನಟರಾಜನ ಎರಡು ಮಣಿಕಟ್ಟು

ಹಾನುಬಾಳಿನ ನಟರಾಜ ಹತ್ತೆಕರೆ ಕಾಫಿ ತೋಟದವನು. ನಲವತ್ತೇಳನೇ ವಯಸ್ಸಿನಲ್ಲಿ ಅವನಿಗೆ ಸಮುದ್ರದ ತಳ ನೋಡುವ ಹುಚ್ಚು ಹಿಡಿಯಿತು. ಮುರುಡೇಶ್ವರಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೇತ್ರಾಣಿ ದ್ವೀಪದ ಹತ್ತಿರ ಮುಳುಗಿ ಬರುತ್ತಿದ್ದ. ನಾನು ಜೊತೆಗೆ ಹೋಗುತ್ತಿದ್ದುದು ದೋಣಿಯಲ್ಲಿ ಕೂತು ವಾಂತಿ ಮಾಡುವುದಕ್ಕೆ ಮತ್ತು ಅವನ ಚಪ್ಪಲಿ ಕಾಯುವುದಕ್ಕೆ.

೨೦೦೭ರ ಫೆಬ್ರವರಿಯಲ್ಲಿ ಸ್ವಂತಕ್ಕೊಂದು ಡೈವ್ ಕಂಪ್ಯೂಟರ್ ಕೊಳ್ಳಲು ಹೊರಟ. ಕಂಪ್ಯೂಟರ್ ಎಂದರೆ ಮೇಜಿನ ಮೇಲಿಡುವುದಲ್ಲ, ಕೈಗೆ ಕಟ್ಟುವ ದಪ್ಪ ಗಡಿಯಾರ. ಎಷ್ಟು ಆಳದಲ್ಲಿದ್ದೀರಿ, ಇನ್ನೆಷ್ಟು ಹೊತ್ತು ಇರಬಹುದು, ಮೇಲೆ ಬಂದು ಎಷ್ಟು ಗಂಟೆ ವಿಮಾನ ಹತ್ತಬಾರದು ಎಂದೆಲ್ಲ ಹೇಳುತ್ತದೆ. ಮುಳುಗಲು ಕಲಿಸುವ ಮೇಷ್ಟ್ರ ಬಳಿ ಎರಡಿದ್ದವು. ಕೈಗೊಂದರಂತೆ ಎರಡನ್ನೂ ಕಟ್ಟಿ ನೋಡಿ, ಬೇಡದ್ದನ್ನು ಬಸ್ಸಿಗೆ ಹಾಕಿ ಕಳಿಸಿ ಎಂದರು. ಕನ್ನಡಕವಿಲ್ಲದೆ ಅಂಕಿ ಕಾಣುತ್ತದೆಯೇ ಎಂಬುದು ನಮ್ಮ ಪರೀಕ್ಷೆ. ಎರಡೂ ಪಾಸಾದವು.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ನಟರಾಜ ನೀರಿನಿಂದೆದ್ದ. ಎಡಗೈಯದು ಹನ್ನೆರಡು ಗಂಟೆ ಕಾಯಬೇಕೆಂದಿತು, ಬಲಗೈಯದು ಇಪ್ಪತ್ನಾಲ್ಕು.

“ನಮ್ದು ಜೀಪು ಕಣ್ರೀ, ವಿಮಾನ ಯಾರ್ ಹತ್ತುತಾರೆ?” ಎಂದ.

“ಘಾಟಿ ಹತ್ತೋದೂ ಅದೇ ಲೆಕ್ಕ. ನಿಮ್ಮೂರು ಮೂರು ಸಾವಿರ ಅಡಿ ಎತ್ತರ. ರಕ್ತದಲ್ಲಿ ಗುಳ್ಳೆ ಏಳ್ತದೆ, ಸೋಡಾ ಬಾಟಲಿ ತೆಗೆದ ಹಾಗೆ,” ಎಂದರು ಮೇಷ್ಟ್ರು.

ನಟರಾಜನ ಮುಖ ಬಾಡಿತು. ಮಗಳು ಧನುಶ್ರೀಯನ್ನು ನೋಡಲು ಸುಳ್ಯದಿಂದ ಗಂಡಿನ ಕಡೆಯವರು ಬರುವುದು ಸೋಮವಾರ ಬೆಳಗ್ಗೆ ಒಂಬತ್ತಕ್ಕೆ. ಅಪ್ಪನೇ ಇಲ್ಲವೆಂದರೆ ಒಳ್ಳೆಯ ಸಂಬಂಧ ಕೈಬಿಟ್ಟಂತೆ.

ಜೀಪು ಹತ್ತುತ್ತಲೇ ಅವನಿಗೆ ದಾರಿ ಹೊಳೆಯಿತು. “ಹದಿನೆಂಟು ಗಂಟೆ ಕಣೋ! ವ್ಯಾಪಾರಿ ಮೀಟ್ರು ಕಾಫೀಲಿ ಹದಿಮೂರು ತೇವ ಐತೆ ಅಂತದೆ, ನಮ್ ಮೀಟ್ರು ಹನ್ನೊಂದು ಅಂತದೆ. ನಡುವಿನ ಹನ್ನೆರಡಕ್ಕೆ ವ್ಯಾಪಾರ ಮುಗ್ಸಲ್ವಾ?”

ನನಗೂ ನ್ಯಾಯವೆನಿಸಿತು. ನಾನೂ ಕಾಫಿಯವನೇ. ಸಂಜೆ ಘಾಟಿಯ ಬುಡದ ಗುಂಡ್ಯಕ್ಕೆ ಬಂದು ಉಳಿದೆವು.

ಬೆಳಗ್ಗೆ ಆರಕ್ಕೆ ಜೀಪಿನ ಕೀಲಿ ತಿರುವಲು ಹೋದವನು ನಿಂತ.

“ಮಾರಾಯ, ಕಾಫೀಲಿ ಲೆಕ್ಕ ತಪ್ಪಿದ್ರೆ ಮೂಟೆ ರೇಟು ಹೋಗ್ತೈತೆ. ಇಲ್ಲಿ ತಪ್ಪಿದ್ರೆ?”

“ನೀನೇ ಹೋಗ್ತೀಯ.”

ಎಡಗೈಯದನ್ನು ಬಿಚ್ಚಿ ನನ್ನ ಕೈಗಿಟ್ಟು, ಹೋಟೆಲಿನ ಫೋನಿನಲ್ಲಿ ಮಧ್ಯಾಹ್ನ ಹನ್ನೆರಡರವರೆಗೆ ಘಾಟಿ ಹತ್ತುವುದಿಲ್ಲವೆಂದು ಹೆಂಡತಿ ಚೆಲುವಮ್ಮನಿಗೆ ತಿಳಿಸಿದ. ಅವರ ಉತ್ತರ ದೂರದ ಮೇಜಿನಲ್ಲಿದ್ದ ನನಗೂ ಕೇಳಿಸಿತು.

“ನಿಮ್ಗೆ ಗುಳ್ಳೆ ಏಳ್ತದಾ? ನಂಗೆ ಪಿತ್ತ ಎದ್ದೈತೆ! ಅವ್ರು ಆ ದಾರೀಲೇ ಬರ್ಬೇಕು. ನಾನೇ ಫೋನ್ ಮಾಡ್ತೀನಿ. ಅಪ್ಪನ್ನ ಅಲ್ಲಿ ನೋಡ್ಕೊಂಡು ಬರ್ಲಿ, ಹುಡುಗೀನ ಇಲ್ಲಿ ನಾನು ತೋರಿಸ್ತೀನಿ!”

ಏಳಕ್ಕೆ ಗಂಡಿನ ಕಡೆಯವರು ಬಂದರು. ನಟರಾಜ ಮುಖ ತೊಳೆದು ತಲೆ ಬಾಚಿ, ತಾನೇ ಉಪ್ಪಿಟ್ಟು ಕಾಫಿ ತಂದಿಟ್ಟು, ತಲೆ ತಗ್ಗಿಸಿ ಕೂತ. ಹುಡುಗನ ತಾಯಿ ಮೇಲಿಂದ ಕೆಳಗೆ ನೋಡಿ, “ಈಜು ಬರ್ತದಾ?” ಎಂದರು. “ತಕ್ಕಮಟ್ಟಿಗೆ,” ಎಂದು ನಾಚಿದ. ಹಾಡಲು ಹೇಳಲಿಲ್ಲ, ಪುಣ್ಯ. ಅವರು ಕಾರು ಹತ್ತಿ ಘಾಟಿ ಏರಿದರು.

ಹನ್ನೊಂದಕ್ಕೆ ಹೋಟೆಲಿನ ಫೋನು ಬಡಿದುಕೊಂಡಿತು. ಧನುಶ್ರೀ.

“ಅಪ್ಪಾಜಿ, ನಾನು ಅವ್ರಿಗೆ ಒಪ್ಪಿಗೆ ಅಂತೆ. ನಿಮ್ಮದು ಮನೇಲಿ ಕೇಳಿ ತಿಳಿಸ್ತಾರಂತೆ.”