ಮೂಲೆಯ ಕಪ್ಪು ಮನೆ

ವೋಲ್ಟೇಜ್ ಏರಿಳಿದು ಚೆಸ್ ಆಡುವ ಯಂತ್ರ ಸುಟ್ಟುಹೋಗಬಹುದಿತ್ತು. ಜರ್ಮನಿಯಿಂದ ಅದನ್ನು ತಂದಿದ್ದ ನಮ್ಮ ಎಂಜಿನಿಯರ್ ಸಾಹೇಬರು ವಾರದ ನಡುವೆಯೇ ವಾಪಸು ಕೇಳಬಹುದಿತ್ತು. ಕೊಂಢವಾ ರಸ್ತೆಯ ಹೊಂಡಗಳಲ್ಲಿ ಸ್ಕೂಟರ್ ಜಾರಿ ನಾನು ಆಟಕ್ಕೇ ತಲುಪದಿರಬಹುದಿತ್ತು. ಆಟ ನಿಲ್ಲಿಸುವಾಗ ನಿಯಮದಂತೆ ಎದುರಾಳಿ ಬರೆದು ಲಕೋಟೆಯಲ್ಲಿ ಮುಚ್ಚಿಟ್ಟ ನಡೆ ನನ್ನ ಊಹೆಗೆ ಮೀರಿದ್ದಾಗಿರಬಹುದಿತ್ತು. ನನಗೆ ಜ್ವರ ಬರಬಹುದಿತ್ತು. ಬಂದರೆ ಒಳ್ಳೆಯದೆಂಬ ಆಸೆಯೂ ಒಳಗೊಳಗೇ ಇತ್ತು.

ಎಂಬತ್ತರ ದಶಕದ ಮಾತು. ಪುಣೆಯ ಕಾರ್ಖಾನೆಗಳ ಚೆಸ್ ಪಂದ್ಯದಲ್ಲಿ ನನ್ನ ಕೊನೆಯ ಆಟ ಮುಗಿಯದೆ ಮುಂದಿನ ಭಾನುವಾರಕ್ಕೆ ನಿಂತಿತ್ತು. ಗೆದ್ದರೆ ಫಲಕ ನಮ್ಮ ಕಾರ್ಖಾನೆಗೆ, ಡ್ರಾ ಆದರೂ ಅವರಿಗೆ. ರಾಜರಿಬ್ಬರನ್ನು ಬಿಟ್ಟರೆ ನನ್ನದು ಓರೆಯಾಗಿ ನಡೆಯುವ ಒಂದು ಒಂಟೆ, ಒಂದು ಪ್ಯಾದೆ. ಅವನದು ಅಂಚಿನ ಸಾಲಿನಲ್ಲೊಂದು ಪ್ಯಾದೆ. ಅದು ಮುಂದೆ ಬಂದು ನನ್ನದನ್ನು ಕೆಣಕುವುದು ಖಚಿತ. ಆಗ ಅದನ್ನು ಹೊಡೆಯಬೇಕೋ, ಪಕ್ಕದಿಂದ ದಾಟಿ ಹೋಗಬೇಕೋ?

ಹೊಡಿ ಎಂದಿತು ಯಂತ್ರ. ಒಂಟೆಗೆ ಮೂರು, ಪ್ಯಾದೆಗೆ ಒಂದು, ಒಟ್ಟು ನಾಲ್ಕು ಎಂದು ಕೆಂಪು ಅಂಕಿಯಲ್ಲಿ ತೋರಿಸಿತು. ನನಗೆ ಅರ್ಧ ಗಂಟೆ ನೆಮ್ಮದಿ.

ಶನಿವಾರ ಮಧ್ಯಾಹ್ನ ಕೆಳಮನೆಯ ಕಾಕಾ ಬಂದರು. ಯಾದಗಿರಿ ಕಡೆಯವರು, ನಮ್ಮಲ್ಲೇ ಫಿಟ್ಟರ್.

"ತಮ್ಮಾ, ಹೊಡದ್ರ ನಿನ್ನ ಪ್ಯಾದಿ ಅಂಚಿಗೆ ಹೋಗ್ತದ. ಅದು ರಾಣಿ ಆಗೂ ಮೂಲಿ ಮನಿ ಕರೀದು, ನಿನ್ನ ಒಂಟಿ ಓಡಾಡೂದು ಬಿಳಿ ಮನ್ಯಾಗ. ಅವ ರಾಜನ್ನ ಒಯ್ದು ಮೂಲ್ಯಾಗ ಕುಂದ್ರಿಸಿದಾ ಅಂದ್ರ ಎಬ್ಬಸಾವ್ರು ಯಾರು? ಆಟ ಡ್ರಾ."

"ಮಷೀನ್ ಜರ್ಮನೀದು, ಕಾಕಾ."

"ಮೂಲಿ ಜರ್ಮನ್ಯಾಗೂ ಹಿಂಗ ಇರ್ತದ."

ಪ್ಯಾದೆ ಹೊಡೆದ ಮೇಲಿನ ಸ್ಥಿತಿಯನ್ನು ಯಂತ್ರದ ಮೇಲೆ ಜೋಡಿಸಿದೆವು. ಕಾಕಾ ಎದುರಾಳಿಯ ಒಬ್ಬಂಟಿ ರಾಜನನ್ನು ಹಿಡಿದು ಮೂಲೆ ಸೇರಿದರು. ಯಂತ್ರ ಒಂಟೆಯನ್ನು ಅತ್ತಿತ್ತ ಅಲೆಸಿತು. ನಲವತ್ತು ನಡೆಯಾದರೂ ಅಂಕಿ ನಾಲ್ಕರಿಂದ ಇಳಿಯಲಿಲ್ಲ. ಅದಕ್ಕೆ ಕಾಣುತ್ತಿದ್ದದ್ದು ಮುಂದಿನ ನಾಲ್ಕೈದು ನಡೆ ಮಾತ್ರ. ಅಷ್ಟರಲ್ಲಿ ಯಾರೂ ಯಾರನ್ನೂ ಹೊಡೆಯದಿದ್ದರೆ, ಎಲ್ಲ ಸುಖವಾಗಿದೆ ಎಂದೇ ಅದರ ತೀರ್ಮಾನ.

ಚಹಾ ತಂದ ನನ್ನ ಹೆಂಡತಿ ಇಣುಕಿ ನೋಡಿದಳು. "ಗೆಲ್ಲತೀನಿ ಗೆಲ್ಲತೀನಿ ಅಂತದ, ಗೆಲ್ಲವಲ್ತು. ನಿಮ್ಮ ಕಡೆನ ಕಲ್ತಿರಬೇಕು ಬಿಡ್ರಿ."

ಆದರೂ ಚಿಂತೆ ಬಿಡಲಿಲ್ಲ. ಯಂತ್ರ ತಪ್ಪೆಂದಾದರೆ ಕಾಕಾ ಸರಿ ಎಂದೇನೂ ಅಲ್ಲವಲ್ಲ?

ಭಾನುವಾರ ಲಕೋಟೆ ಒಡೆದರು. ಊಹಿಸಿದ್ದ ನಡೆಯೇ. ನನ್ನ ಗಡಿಯಾರದಲ್ಲಿ ಉಳಿದಿದ್ದದ್ದು ಐದು ನಿಮಿಷ. ಒಂದು ನಿಮಿಷ ಬೆವರಿ, ಹೊಡೆಯದೆ ಪಕ್ಕದಿಂದ ದಾಟಿಸಿದೆ. ಎದುರಾಳಿ ತಲೆ ಬಗ್ಗಿಸಿದ. ಯೋಚಿಸಿದ. ಯೋಚಿಸುತ್ತಲೇ ಇದ್ದ. ಸಿಕ್ಕಿಬಿದ್ದ ಎಂದುಕೊಂಡೆ. ನೋಡುವವರು ಬಾಯಿ ಬಿಡುವಂತಿರಲಿಲ್ಲ. ಹಿಂದೆ ನಿಂತ ಕಾಕಾ ಕೆಮ್ಮಿದರು, ಮತ್ತೆ ಕೆಮ್ಮಿದರು. ಕಾಕಾ ಬೀಡಿ ಬಿಡಬೇಕು, ಡಾಕ್ಟರಿಗೆ ಎದೆ ತೋರಿಸಬೇಕು ಎಂದು ಅದೊಂದು ಚಿಂತೆಯನ್ನೂ ಹಚ್ಚಿಕೊಂಡೆ.

ಆಗ ಎದುರಾಳಿ ತಲೆ ಎತ್ತಿ, ಗಡಿಯಾರದ ಕಡೆ ಬೆರಳು ಮಾಡಿ, ಮೆಲ್ಲಗೆ ಮರಾಠಿಯಲ್ಲಿ ಹೇಳಿದ: ನಿಮ್ಮ ಸಮಯ ಮುಗಿಯಿತು.

ಯಂತ್ರದ ಹಲಗೆಯಲ್ಲಿ ಕಾಯಿಯನ್ನು ಮನೆಯ ಮೇಲೆ ಒತ್ತಿದರೆ ಸಾಕು, ಸರದಿ ತಾನೇ ಅದರದಾಗುತ್ತಿತ್ತು. ವಾರವಿಡೀ ಅದೇ ರೂಢಿ. ಆ ಪ್ಯಾದೆಯನ್ನೂ ಮನೆಯ ಮೇಲೆ ಬಲವಾಗಿ ಒತ್ತಿ ಕೈಕಟ್ಟಿ ಕೂತಿದ್ದೆ. ನನ್ನ ಗಡಿಯಾರ ನಿಲ್ಲಿಸುವ ಗುಂಡಿ ಒತ್ತಿರಲಿಲ್ಲ.