ಎರೆಮಣ್ಣಿನಲ್ಲಿ ಹೂತ ಲಾರಿ

ಗೆಳೆಯರೇ, ಇವತ್ತು ರಸ್ತೆಯಲ್ಲಿ ಒಬ್ಬನ ಹಾರ್ನ್ ಕೇಳಿ ಎಂಬತ್ತರ ದಶಕದ ಒಂದು ಮಧ್ಯಾಹ್ನ ನೆನಪಾಯಿತು. ಗಾಡಿಯ ಗಾಲಿ ಮಾಡುವ ಹುಸೇನಸಾಬರು ಗದಗಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಅವರನ್ನು ಹೊರಸಿನ ಮೇಲೆ ಮಲಗಿಸಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿಟ್ಟು ಕೊರ್ಲಹಳ್ಳಿಗೆ ಹೊರಟಿದ್ದೆವು. ಓಡಿಸುತ್ತಿದ್ದವನು ಅವರ ಮಗ ಮೌಲಾ. ಹಿಂದೆ ಬಂದ ಶೇಂಗಾ ಲಾರಿಯ ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ, "ಬಾಜೂಕ ಸರೀಲೇ, ಏನ್ ಮೆರವಣಿಗಿ ಹೊಂಟೀಯೇನು?" ಎಂದು ಬೈದು ಮುಂದೆ ಹೋದ.

ಎರಡು ಮೈಲಿ ದಾಟಿದರೆ ಅದೇ ಲಾರಿ ರಸ್ತೆಯಂಚಿನ ಹಸಿ ಎರೆಮಣ್ಣಿನಲ್ಲಿ ಅಚ್ಚಿನವರೆಗೆ ಹೂತು ನಿಂತಿತ್ತು. ಡ್ರೈವರ್ ಕೈ ಅಡ್ಡ ಹಿಡಿದ. ಟ್ರೇಲರಿನೊಳಗೆ ನೋಡಿದವನೇ ಕೈ ಇಳಿಸಿದ.

"ತಪ್ಪಾತ್ರಿ. ನೀವು ಹೋಗ್ರಿ."

ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕಿತ್ತು. "ನಡೀಲೇ ಮೌಲಾ," ಎಂದೆ. ಅವನು ಇಳಿದೇಬಿಟ್ಟ.

"ಗಾಲಿ ಸಿಕ್ಕಿ ನಿಂತವರನ್ನ ಬಿಟ್ಟು ಅಪ್ಪಾ ಒಂದಿನಾನೂ ಮುಂದ ಹೋಗಿಲ್ಲ. ಎಲ್ಲಾರೂ ಹೊರಸಿಗೆ ಹೆಗಲ ಕೊಡ್ರಿ."

ಲಾರಿ ಎಳೆಯಲು ಟ್ರ್ಯಾಕ್ಟರಿನಿಂದ ಟ್ರೇಲರ್ ಬಿಚ್ಚಬೇಕು, ಬಿಚ್ಚಿದರೆ ಅದರ ಮೂತಿ ನೆಲಕ್ಕೆ ಬಾಗುತ್ತದೆ. ಹಾಗಾಗಿ ನಾಲ್ವರು ಹೊರಸು ಹೊತ್ತು ರಸ್ತೆಯಲ್ಲಿ ನಿಂತೆವು. ಮೌಲಾ ಸರಪಳಿ ಕಟ್ಟಿ ಎಳೆದ. ಮೂರನೆಯ ಸಲಕ್ಕೆ ಲಾರಿ ಮೇಲೆ ಬಂತು. ಟ್ರೇಲರ್ ಮತ್ತೆ ಜೋಡಿಸಿ ಹೊರಸನ್ನು ಅದರಲ್ಲಿಟ್ಟೆವು.

"ಇನ್ನ ಮುಂದ ಹೋಗಪಾ," ಎಂದು ಮೌಲಾ ಕೈ ಬೀಸಿದ. ಲಾರಿ ಹೋಗಲಿಲ್ಲ. ಕೊರ್ಲಹಳ್ಳಿಯವರೆಗೂ ಒಂದು ಸಲವೂ ಹಾರ್ನ್ ಹೊಡೆಯದೆ ನಮ್ಮ ಹಿಂದೆಯೇ ಬಂತು.

ಮೆರವಣಿಗೆ ಎಂದು ಬೈದವನೇ ಅದರ ಕೊನೆಯಲ್ಲಿದ್ದ.