ಹೇಗೂ ಮನೆಯಲ್ಲೇ ಇರುವವನು

ಇಟ್ಟಮಡುವಿನ ನಮ್ಮ ಮನೆಯ ಮೇಲೆ ನಾಲ್ಕು ಬಾಡಿಗೆ ಮನೆಗಳಿವೆ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಾಡಿಗೆಯವರು ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಹೊರಟುಬಿಡುತ್ತಾರೆ, ಅಪ್ಪ ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಾರೆ. ಆಮೇಲೆ ಇಡೀ ಕಟ್ಟಡಕ್ಕೆ ನಾನು, ಅಮ್ಮ ಇಬ್ಬರೇ.

ಬಿ.ಕಾಂ ಮುಗಿಸಿದ ಮೊದಲ ಎರಡು ವರ್ಷ ನಾನೂ ಇಸ್ತ್ರಿ ಅಂಗಿ ಹಾಕಿಕೊಂಡು ಜೆ.ಪಿ. ನಗರ, ಬಿ.ಟಿ.ಎಂ. ಎಂದು ಇಂಟರ್‌ವ್ಯೂಗಳಿಗೆ ಅಲೆದೆ. ಎಲ್ಲರೂ "ತಿಳಿಸ್ತೀವಿ" ಎಂದರು. ಯಾರೂ ತಿಳಿಸಲಿಲ್ಲ. ಮೂರನೇ ವರ್ಷದಿಂದ "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳತೊಡಗಿದರು. ನಿಮ್ಮಂಥವರು ತಿಳಿಸಲಿ ಎಂದು ಕಾಯುತ್ತಿದ್ದೆ ಅಂತ ಹೇಳಲಾದೀತೆ?

ಅಷ್ಟರಲ್ಲಿ ಕಟ್ಟಡವೇ ನನಗೆ ಕೆಲಸ ಕೊಟ್ಟಿತ್ತು. "ಸಿಲಿಂಡರ್ ಬಂದ್ರೆ ಇಸ್ಕೊಳಪ್ಪ, ಹೆಂಗೂ ಮನೇಲೇ ಇರ್ತೀಯಲ್ಲ" ಎಂದು ಎರಡನೇ ಮಹಡಿಯ ಟೀಚರ್ ಆಂಟಿ. "ಪಾರ್ಸೆಲ್ ಬರುತ್ತೆ ಗುರು, ಓಟಿಪಿ ಕಳಿಸ್ತೀನಿ" ಎಂದು ನನ್ನದೇ ವಯಸ್ಸಿನ ಬಾಡಿಗೆಯವನು. ಎಲ್ಲಕ್ಕಿಂತ ದೊಡ್ಡ ಹುದ್ದೆ ಕಾವೇರಿ ನೀರಿನದು. ದಿನ ಬಿಟ್ಟು ದಿನ, ಹತ್ತಕ್ಕೋ ಹನ್ನೊಂದಕ್ಕೋ ನೀರು ಬಂದಾಗ ಸಂಪಿನ ವಾಲ್ವ್ ತಿರುಗಿಸಬೇಕು, ಸಂಪು ತುಂಬಿದ ಮೇಲೆ ಮೋಟರ್ ಹಾಕಬೇಕು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ, ನಿಜ ಹೇಳುತ್ತೇನೆ, ಹಿತವೆನಿಸತೊಡಗಿತು. ವಾಲ್ವ್ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಕೆಲಸ ಹುಡುಕುವುದನ್ನು ಯಾವ ದಿನ ನಿಲ್ಲಿಸಿದೆ ಎಂದರೆ ನನಗೇ ಗೊತ್ತಿಲ್ಲ. ಒಂದು ವಾರ ಪ್ಲಂಬರ್ ಬರುವವನಿದ್ದ, ಮುಂದಿನ ವಾರ ಪೇಂಟಿನವರು. ಹಾಗೇ ಆಗಿಹೋಯಿತು.

ಕಳೆದ ತಿಂಗಳು ಒಂದು ಫೋನ್ ಬಂತು. ಬನಶಂಕರಿಯ ಒಬ್ಬ ಆಡಿಟರ್ ಆಫೀಸಿನಿಂದ, ನಾನು ಎಂದೋ ಹಾಕಿ ಮರೆತಿದ್ದ ಅರ್ಜಿಗೆ. "ನಾಳೆ ಹನ್ನೊಂದಕ್ಕೆ ಬರ್ತೀರಾ?" ಎಂದು ಕೇಳಿದರು ಒಬ್ಬ ಮೇಡಂ. ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರ. ಮತ್ತೆ ಆ ಕುರ್ಚಿ, ಮತ್ತೆ ಅದೇ ಪ್ರಶ್ನೆ.

"ನಾಳೆ ಆಗಲ್ಲ ಮೇಡಂ, ನೀರು ಬರೋ ದಿನ" ಎಂದೆ.

ಅವರು "ಸರಿ" ಎಂದು ಫೋನಿಟ್ಟರು. ನಾಡಿದ್ದು ಬರಲೇ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನನ್ನ ಡಿಗ್ರಿ ಮುಗಿಯುವವರೆಗೂ ಆ ವಾಲ್ವ್ ತಿರುಗಿಸುತ್ತಿದ್ದವಳು ಅವಳೇ. "ಯಾಕೋ, ನಾನು ಸತ್ತೋಗಿದ್ನಾ?" ಎಂದು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬಹುಶಃ ಆ ಮೇಡಂಗೆ ವಾಪಸ್ ಫೋನ್ ಮಾಡುತ್ತಿದ್ದೆ.

"ಸಾರು ಆರೋಗುತ್ತೆ, ಊಟಕ್ಕೆ ಬಾ" ಎಂದಳು.